ಕಸ ಗುಡಿಸೋ ಹೆಣ್ಣುಮಗಳ ಕೈಯಲ್ಲಿ ಬೆಳ್ಳಗಾಗೋ ಟ್ಯೂಬು

ಉದ್ದದ ಪೋಸ್ಟು. ಪುರುಸೊತ್ತಾದಾಗ ಓದಿ, ಆದರೆ ಓದಿ.

ನಮ್ಮ ದಿನಪತ್ರಿಕೆಗಳ ಒಳಪುಟದಲ್ಲಿ ಪೊಲೀಸರು ಕೊಡೋ "ಕಾಣೆಯಾಗಿದ್ದಾರೆ" ಪ್ರಕಟಣೆ ನೋಡಿರ್ತೀರಿ. ಎತ್ತರ ಇಷ್ಟು ಅಡಿ, ಕೋಲುಮುಖ, ಸಾಧಾರಣ ಮೈಕಟ್ಟು, ಎಣ್ಣೆಗೆಂಪು ಮೈಬಣ್ಣ. ಇಲ್ಲಾಂದ್ರೆ ಗೋಧಿ ಮೈಬಣ್ಣ. ಕಪ್ಪು ಅಂತ ಬರೆಯೋದೇ ಇಲ್ಲ ಅಂತಲ್ಲ, ಬರೀತಾರೆ. ಆದರೆ ಪಕ್ಕದಲ್ಲಿರೋ ಫೋಟೋ ನೋಡಿ ಅಕ್ಷರ ಓದಿದರೆ ಎಷ್ಟೋ ಸಲ ಒಂದಕ್ಕೊಂದು ತಾಳೆ ಆಗಲ್ಲ. ಕಳೆದುಹೋದ ಮಗನನ್ನ ಹುಡುಕಿಕೊಡಿ ಅಂತ ಠಾಣೆ ಮೆಟ್ಟಿಲು ಹತ್ತಿದ ತಾಯಿಗೂ ಮಗನ ಬಣ್ಣವನ್ನ ಒಂದು ಸುತ್ತು ಏರಿಸಿ ಹೇಳಬೇಕು ಅನ್ನಿಸ್ತದೆ. ಅದೇ ಪತ್ರಿಕೆಯ ಭಾನುವಾರದ ವಧೂವರರ ಪುಟಕ್ಕೆ ಬನ್ನಿ. ಅಲ್ಲಿ ಮುಚ್ಚುಮರೆ ಇಲ್ಲ. ಬೆಳ್ಳಗಿರುವ, ಸುಂದರ, ಸುಶಿಕ್ಷಿತ ವಧು ಬೇಕಾಗಿದ್ದಾಳೆ. ಬೆಳ್ಳಗೆ ಮೊದಲು, ಶಿಕ್ಷಣ ಕೊನೆಗೆ.

ಬೆಳ್ಳಗಾಗೋ ಕ್ರೀಮಿನ ವಿಷಯ ಬಂದಾಗ ನಮ್ಮ ಸಂಘಟನೆಗಳಲ್ಲಿ ಒಂದು ಮಾತು ಕೇಳಿಬರ್ತದೆ. ಅದು ಹೆಣ್ಣುಮಕ್ಕಳ ಶೋಕಿ ವಿಷಯ ಬಿಡ್ರೀ, ನಮಗೆ ಭೂಮಿ, ಸ್ಮಶಾನ, ಒಳಮೀಸಲಾತಿ ಇಂಥ ನೂರು ತಲೆನೋವಿದೆ, ಅಂತ. ಈ ಟ್ಯೂಬಿನ ಚರಿತ್ರೆ ಓದ್ತಾ ಹೋದರೆ ಅದು ಎಲ್ಲೆಲ್ಲಿಂದ ಹಾದು ಬಂದಿದೆ ಗೊತ್ತಾ? ಚರ್ಮ ಹದ ಮಾಡೋ ಕಾರ್ಖಾನೆಯಿಂದ, ವರ್ಣಭೇದದ ದಕ್ಷಿಣ ಆಫ್ರಿಕಾದಿಂದ, ಬೀದಿ ಗುಡಿಸೋ ಹೆಣ್ಣಿನ ಪೊರಕೆಯ ಪಕ್ಕದಿಂದ. ಇದು ನಮ್ಮ ವಿಷಯ ಅಲ್ಲ ಅನ್ನೋದು ಹೇಗೆ?

ಮೊದಲು ಎಷ್ಟು ಜನ ಹಚ್ಚುತ್ತಾರೆ ಅನ್ನೋದನ್ನ ನೋಡೋಣ. 2019ರಲ್ಲಿ ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಡೊಮಿನಿಕ್ ಸಾಗೋಯಿ ಮತ್ತು ಜೊತೆಗಾರರು ಜಗತ್ತಿನ ಬೇರೆಬೇರೆ ಕಡೆ ನಡೆದಿದ್ದ 68 ಅಧ್ಯಯನಗಳನ್ನ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಅದರಲ್ಲಿದ್ದ ಜನ 67,665. ಬದುಕಿನಲ್ಲಿ ಒಮ್ಮೆಯಾದರೂ ಚರ್ಮದ ಬಣ್ಣ ತಿಳಿಯಾಗಿಸೋ ವಸ್ತು ಬಳಸಿದವರು 27.7%. ಅಂದ್ರೆ ನಾಲ್ಕು ಜನರಲ್ಲಿ ಒಬ್ಬರಿಗಿಂತ ಹೆಚ್ಚು. ಈ ಲೆಕ್ಕವನ್ನ ಕಣ್ಣುಮುಚ್ಚಿ ನಂಬೋ ಹಾಗಿಲ್ಲ, ಯಾಕಂದ್ರೆ ಎಷ್ಟೋ ಅಧ್ಯಯನ ಆಸ್ಪತ್ರೆಗೆ ಬಂದವರನ್ನೋ, ಸುಲಭಕ್ಕೆ ಸಿಕ್ಕಿದವರನ್ನೋ ಕೇಳಿ ಮಾಡಿದ್ದು. ಆದರೂ ಅದರೊಳಗಿನ ಕೆಲವು ಎಳೆ ಗಮನಿಸಬೇಕು. 30 ವರ್ಷದ ಒಳಗಿನವರಲ್ಲಿ ಪ್ರಮಾಣ ಜಾಸ್ತಿ. ಪೇಟೆ ಮತ್ತು ಪೇಟೆಯ ಅಂಚಿನವರಲ್ಲಿ ಬಹಳ ಜಾಸ್ತಿ. ಬರೀ ಪ್ರಾಥಮಿಕ ಶಾಲೆ ಓದಿದವರಲ್ಲಿ ಹೆಚ್ಚು. ಮತ್ತೆ, ಹೆಣ್ಣುಮಕ್ಕಳ ಶೋಕಿ ಅನ್ನೋ ಅಣ್ಣಂದಿರು ಕೇಳಿಸ್ಕೊಳ್ಳಿ, ಗಂಡಸರಲ್ಲೂ 28%.

ವಯಸ್ಸು ಚಿಕ್ಕದು, ಓದು ಕಡಿಮೆ, ಹಳ್ಳಿ ಬಿಟ್ಟು ಪೇಟೆ ಅಂಚಿಗೆ ಬಂದು ನಿಂತವರು. ಈ ಮೂರನ್ನೂ ಕೂಡಿಸಿದರೆ ಯಾರ ಮುಖ ಕಾಣ್ತದೆ? ಗಾರ್ಮೆಂಟ್ಸ್ ಬಸ್ಸಿಗೆ ಕಾಯೋ ಹುಡುಗಿ, ಡೆಲಿವರಿ ಬ್ಯಾಗ್ ಹೊತ್ತ ಹುಡುಗ. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರ ಜಾತಿ ಗೊತ್ತು, ಮುಖಕ್ಕೆ ಏನು ಬಳಿದುಕೊಂಡರೂ ಕೇರಿ ಯಾವುದು ಅಂತ ತಿಳಿದಿರ್ತದೆ. ಪೇಟೆಯಲ್ಲಿ ಗೊತ್ತಿರಲ್ಲ. ಅಲ್ಲಿ ಮುಖ ನೋಡಿ ಅಳೀತಾರೆ. ಬಣ್ಣಕ್ಕೆ ಪೇಟೆಯಲ್ಲಿ ಬೆಲೆ ಬರೋದು ಹಾಗೆ ಅಂತ ನನ್ನ ಅಂದಾಜು.

ಈಗ ಕಾರ್ಖಾನೆ ಕಥೆಗೆ ಬರ್ತೀನಿ. ಇದನ್ನ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

1930ರ ದಶಕದ ಕೊನೆ. ಅಮೆರಿಕದ ಒಂದು ಟ್ಯಾನರಿ, ಅಂದ್ರೆ ಚರ್ಮ ಹದ ಮಾಡೋ ಕಾರ್ಖಾನೆ. ಅಲ್ಲಿ ಕೆಲಸಗಾರರಿಗೆ ರಬ್ಬರ್ ಗ್ಲೌಸು ಕೊಟ್ಟಿದ್ದರು. ಸ್ವಲ್ಪ ದಿನಕ್ಕೆ ಕೈಮೇಲೆ, ಗ್ಲೌಸು ಮುಟ್ಟೋವರೆಗೆ ಮೊಳಕೈತನಕ, ಬಣ್ಣ ಹೋಗಿ ಬಿಳಿ ಮಚ್ಚೆ ಬೀಳೋಕೆ ಶುರುವಾಯ್ತು. ಅವರಲ್ಲಿ ಕಪ್ಪು ಜನಾಂಗದ ಕಾರ್ಮಿಕರೂ ಇದ್ದರು, ಅವರ ಕೈಮೇಲೆ ಅದು ಎದ್ದು ಕಾಣ್ತಿತ್ತು. ಆಲಿವರ್, ಶ್ವಾರ್ಟ್ಜ್, ವಾರನ್ ಅನ್ನೋ ಮೂವರು ಪರೀಕ್ಷೆ ಮಾಡಿ 1939ರಲ್ಲಿ ವರದಿ ಬರೆದರು. ಗ್ಲೌಸು ಹಾಕ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಹೀಗಾಗಿತ್ತು. ರಬ್ಬರು ಬೇಗ ಹಾಳಾಗದೇ ಇರಲಿ ಅಂತ ಅದಕ್ಕೆ ಬೆರೆಸಿದ್ದ ರಾಸಾಯನಿಕವೇ ಕಾರಣ. ಮಾನೊಬೆಂಜೈಲ್ ಈಥರ್ ಆಫ್ ಹೈಡ್ರೊಕ್ವಿನೋನ್ ಅಂತ ಅದರ ಉದ್ದ ಹೆಸರು.

ಇಲ್ಲಿಗೆ ಇದು ಒಂದು ಔದ್ಯೋಗಿಕ ರೋಗದ ಕಥೆ. ಪರಿಹಾರ ಕೊಡಬೇಕಾದ ವಿಷಯ. ಆದರೆ ಮಾರುಕಟ್ಟೆಗೆ ಕಂಡದ್ದು ಬೇರೆ. ಓಹೋ, ಇದು ಕಪ್ಪು ಚರ್ಮವನ್ನ ಬಿಳಿ ಮಾಡ್ತದೆ! ಆಮೇಲಿನ ದಶಕಗಳಲ್ಲಿ ಇದೇ ಕುಟುಂಬದ ಹೈಡ್ರೊಕ್ವಿನೋನ್ ಬೆಳ್ಳಗಾಗೋ ಕ್ರೀಮುಗಳ ಮುಖ್ಯ ಸಾಮಗ್ರಿ ಆಯ್ತು. ಕಾರ್ಮಿಕನ ಕೈಗೆ ಬಂದ ಗಾಯ ಹೆಣ್ಣಿನ ಮುಖಕ್ಕೆ ಸೌಂದರ್ಯ ಅಂತ ಮಾರಾಟ ಆಯ್ತು. ತೊಗಲು ಹದ ಮಾಡಿದ್ದಕ್ಕೇ ನಮ್ಮನ್ನ ಊರ ಹೊರಗೆ ಇಟ್ಟರು ಅಲ್ವಾ? ಬೆಳ್ಳಗಾಗೋ ಔಷಧಿ ಹುಟ್ಟಿದ್ದೂ ತೊಗಲು ಹದ ಮಾಡೋ ಕಡೆಯೇ.

ಅದಕ್ಕೂ ಮೊದಲು ಬಳಸ್ತಿದ್ದದ್ದು ಪಾದರಸ. ಅಮೆರಿಕದ ಕಪ್ಪು ಜನರ ಪತ್ರಿಕೆಗಳಲ್ಲೇ ಬಿಳಿಯಾಗೋ ಕ್ರೀಮುಗಳ ಜಾಹೀರಾತು ತುಂಬಿರ್ತಿದ್ದವು. ಕೂದಲಿನ ಎಣ್ಣೆ, ಮುಲಾಮು ಮಾರಿ ಹೆಸರು ಮಾಡಿದ ಕಪ್ಪು ಉದ್ಯಮಿ ಮೇಡಂ ಸಿ.ಜೆ. ವಾಕರ್ ತಾನು ಬದುಕಿರೋ ತನಕ ಬಿಳಿಯಾಗೋ ಕ್ರೀಮು ಮಾರಲಿಲ್ಲ. 1919ರಲ್ಲಿ ಆಕೆ ತೀರಿಕೊಂಡರು. ಆಮೇಲೆ ಅದೇ ಕಂಪನಿ "ಟ್ಯಾನ್ ಆಫ್" ಅಂತ ಒಂದನ್ನ ಬಿಟ್ಟೇಬಿಟ್ಟಿತು. ವ್ಯಾಪಾರಕ್ಕೆ ಸೂತಕ ಇಲ್ಲ.

ದಕ್ಷಿಣ ಆಫ್ರಿಕಾದ್ದು ಇನ್ನೂ ದೊಡ್ಡ ಕಥೆ. ಲಿನ್ ಥಾಮಸ್ ಅನ್ನೋ ಇತಿಹಾಸಕಾರ್ತಿ 2020ರಲ್ಲಿ ಇದರ ಮೇಲೇ ಒಂದು ಇಡೀ ಪುಸ್ತಕ ತಂದಿದ್ದಾರೆ, "ಬಿನೀತ್ ದ ಸರ್ಫೇಸ್" ಅಂತ. ಇಂಗ್ಲಿಷ್ ಓದೋಕೆ ಬರೋರು ಹುಡುಕಿ ಓದಿ. ಅಪಾರ್ತೈಡ್ ಕಾಲದಲ್ಲಿ ಚರ್ಮದ ಬಣ್ಣದ ಮೇಲೇ ಎಲ್ಲಾ ನಿಂತಿತ್ತು. ಎಲ್ಲಿ ವಾಸ ಮಾಡಬೇಕು, ಯಾವ ಬೆಂಚಿನ ಮೇಲೆ ಕೂರಬೇಕು, ಯಾರನ್ನ ಮದುವೆಯಾಗಬೇಕು, ಎಲ್ಲದಕ್ಕೂ ಕಾನೂನು. ಅಲ್ಲಿ ಬಣ್ಣ ಒಂದು ಸುತ್ತು ತಿಳಿಯಾದರೆ ಬದುಕೇ ಒಂದು ಸುತ್ತು ಹಗುರ ಆಗಬಹುದು ಅಂತ ಜನ ಅಂದುಕೊಂಡರೆ ತಪ್ಪೇನು? ಕ್ರೀಮುಗಳು ಕೋಟಿಗಟ್ಟಲೆ ಮಾರಾಟವಾದವು. ಸಾಲೊಮನ್ ಮತ್ತು ಅಬ್ರಹಾಂ ಕ್ರೋಕ್ ಅನ್ನೋ ಬಿಳಿಯ ಅವಳಿ ಸಹೋದರರು ಇದರಲ್ಲಿ ದೊಡ್ಡ ಕುಳಗಳಾದರು.

ಆದರೆ ಹೈಡ್ರೊಕ್ವಿನೋನ್ ವರ್ಷಾನುಗಟ್ಟಲೆ ಹಚ್ಚಿದವರ ಕೆನ್ನೆ ಬೆಳ್ಳಗಾಗಲಿಲ್ಲ. ನೀಲಿಗಪ್ಪಾಗಿ, ಒರಟಾಗಿ, ಗುಳ್ಳೆಗುಳ್ಳೆ ಎದ್ದವು. ಓಕ್ರೊನೋಸಿಸ್ ಅಂತಾರೆ. ಒಂದು ಸಲ ಬಂದರೆ ಹೋಗೋದು ಬಹಳ ಕಷ್ಟ. 1975ರಲ್ಲಿ ಅಲ್ಲಿನ ವೈದ್ಯರು ಇದನ್ನ ದಾಖಲಿಸಿದರು. ಅದೇ ಕಾಲಕ್ಕೆ ಸ್ಟೀವ್ ಬೀಕೊ ಮತ್ತು ಕರಿಯರ ಪ್ರಜ್ಞೆ ಚಳವಳಿ ನಡೀತಿತ್ತು. 1976ರ ಕೋರ್ಟ್ ಸಾಕ್ಷಿಯಲ್ಲಿ ಬೀಕೊ ಈ ಕ್ರೀಮುಗಳ ಪ್ರಸ್ತಾಪವನ್ನೇ ಎತ್ತಿದ. ನಮ್ಮ ಜನ ತಮ್ಮನ್ನೇ ತಾವು ಕೀಳಾಗಿ ಕಾಣೋದಕ್ಕೆ ಇದೊಂದು ಗುರುತು ಅನ್ನೋದು ಅವನ ವಾದ. ಚಳವಳಿಯವರೂ ಚರ್ಮವೈದ್ಯರೂ ಸೇರಿ ಒತ್ತಡ ಹಾಕಿದ್ದರಿಂದ 1990ರಲ್ಲಿ, ಮಂಡೇಲಾ ಜೈಲಿಂದ ಹೊರಬಂದ ವರ್ಷವೇ, ಹೈಡ್ರೊಕ್ವಿನೋನ್ ಇರೋ ಸೌಂದರ್ಯವರ್ಧಕಗಳನ್ನ ದಕ್ಷಿಣ ಆಫ್ರಿಕಾ ನಿಷೇಧಿಸಿತು. ಅಷ್ಟೇ ಅಲ್ಲ, ಬಿಳಿ ಮಾಡ್ತೀವಿ, ತಿಳಿ ಮಾಡ್ತೀವಿ ಅಂತ ಡಬ್ಬಿ ಮೇಲೆ ಹಾಕೋದನ್ನೂ ನಿಲ್ಲಿಸಿತು. ಹೋರಾಟದ ಜನ ಮತ್ತು ಡಾಕ್ಟರು ಒಂದೇ ಕಡೆ ನಿಂತರೆ ಏನಾಗ್ತದೆ ಅನ್ನೋದಕ್ಕೆ ನಾನು ಇದನ್ನ ಎಲ್ಲರಿಗೂ ಹೇಳ್ತಿರ್ತೀನಿ.

ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಆ ಕ್ರೋಕ್ ಸಹೋದರರು ಆಮೇಲೆ ಕ್ಯಾಸಿನೊ ವ್ಯವಹಾರಕ್ಕೆ ಇಳಿದರು. ಆ ಕ್ಯಾಸಿನೊ ಪರವಾನಗಿಯ ಲೆಕ್ಕದಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ 2001ರಲ್ಲಿ ಒಂದು ಮ್ಯೂಸಿಯಂ ಕಟ್ಟಿಸಿಕೊಟ್ಟರು. ಅದರ ಹೆಸರು ಅಪಾರ್ತೈಡ್ ಮ್ಯೂಸಿಯಂ. ನಗೋದೋ ಅಳೋದೋ ನೀವೇ ಹೇಳಿ.

ನಮ್ಮ ದೇಶಕ್ಕೆ ಬರೋಣ. ಇ.ಎಸ್. ಪಾಟನ್‌ವಾಲಾ ಅನ್ನೋರು ಬೊಂಬಾಯಿಯಲ್ಲಿ 1919ರಲ್ಲಿ "ಅಫ್ಘಾನ್ ಸ್ನೋ" ತಂದರು. ನಮ್ಮ ಅಜ್ಜಿಯರ ಕಾಲದವರಿಗೆ ಸ್ನೋ ಅಂದ್ರೆ ಗೊತ್ತು. ಸ್ನೋ ಹಚ್ಚಿ ಪೌಡರ್ ಬಳಿಯೋದು ಅಂತಲೇ ಮಾತು. ಅದು ಮುಖದ ಮೇಲೆ ಒಂದು ಬಿಳಿ ಪದರ ಕೂರಿಸ್ತಿತ್ತು, ಸಂಜೆ ಮುಖ ತೊಳೆದರೆ ಹೋಗ್ತಿತ್ತು. ಒಳಗಿನ ಬಣ್ಣ ಬದಲಾಯಿಸ್ತೀನಿ ಅಂತ ಹೊರಟಿದ್ದು ಹಿಂದೂಸ್ತಾನ್ ಲಿವರ್. 1971ರಲ್ಲಿ ಪೇಟೆಂಟ್. 1975ರಲ್ಲಿ "ಫೇರ್ ಅಂಡ್ ಲವ್ಲಿ" ಮಾರುಕಟ್ಟೆಗೆ. ಪರೀಕ್ಷೆಗೆ ಅಂತ ಮೊದಲು ಇಳಿಸಿದ್ದು ಎಲ್ಲಿ? ನಮ್ಮ ದಕ್ಷಿಣದಲ್ಲಿ. ಕಪ್ಪು ಜನ ಜಾಸ್ತಿ ಇರೋ ಕಡೆ. ದೇಶದ ತುಂಬ ಸಿಗೋ ಹಾಗಾಗಿದ್ದು 1978ರ ಹೊತ್ತಿಗೆ.

ಈ ಇಸವಿಗಳನ್ನ ಒಂದು ಸಲ ನಮ್ಮ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. 1972ರಲ್ಲಿ ಬೊಂಬಾಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು, ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರನ್ನೇ ಎದೆಗಪ್ಪಿಕೊಂಡು. 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರ ಬೂಸಾ ಮಾತು, ಅದರ ಗಲಾಟೆ. 70ರ ದಶಕದ ಮಧ್ಯಕ್ಕೆ ಭದ್ರಾವತಿ ಕಡೆಯಿಂದ ಪ್ರೊ. ಬಿ. ಕೃಷ್ಣಪ್ಪನವರ ದಸಂಸ. ಒಂದು ಕಡೆ ಕಪ್ಪು ಜನ ತಲೆ ಎತ್ತಿ ಕೂಗ್ತಿದ್ದಾರೆ, ಕರಿಯ, ಕಾಳ ಅನ್ನೋ ಹೆಸರಿನವರ ಮಕ್ಕಳು ಕಾಲೇಜು ಹತ್ತುತ್ತಿದ್ದಾರೆ, ಅದೇ ವರ್ಷಗಳಲ್ಲಿ ಪಕ್ಕದ ಅಂಗಡಿಗೆ ಈ ಟ್ಯೂಬು ಬಂತು. ಯಾರೋ ಸಂಚು ಮಾಡಿ ತಂದರು ಅಂತ ನಾನು ಹೇಳ್ತಿಲ್ಲ. ಆದರೆ ಕೂಗಿಗಿಂತ ಟ್ಯೂಬು ಜಾಸ್ತಿ ಮನೆ ತಲುಪಿತು ಅನ್ನೋದಂತೂ ಸತ್ಯ.

ತಲುಪಿದ್ದು ಹೇಗೆ? ಪುಟ್ಟ ಪ್ಯಾಕೆಟ್ಟಿನ ದಾರಿಯಲ್ಲಿ. ಇಡೀ ಟ್ಯೂಬು ಕೊಳ್ಳೋಕಾಗದ ಕೂಲಿಯವರಿಗೆ ಒಂದೆರಡು ಸಲಕ್ಕಾಗೋ ಸ್ಯಾಶೆ. 1998ರಲ್ಲಿ ಚೆನ್ನೈನ ಕೆವಿನ್‌ಕೇರ್ ಕೇಸರಿ ಹೆಸರು ಹೇಳ್ಕೊಂಡು "ಫೇರೆವರ್" ತಂದ ಮೇಲೆ ಪೈಪೋಟಿ ಜೋರಾಯ್ತು. 2005ರಲ್ಲಿ ಇಮಾಮಿಯವರು ಗಂಡಸರಿಗೇ ಅಂತ "ಫೇರ್ ಅಂಡ್ ಹ್ಯಾಂಡ್ಸಮ್" ಬಿಟ್ಟರು, ಶಾರುಖ್ ಖಾನ್ ಬಂದು ಅದನ್ನ ಮಾರಿದ. ಫೇರ್ ಅಂಡ್ ಲವ್ಲಿ ಅಂತೂ ಆ ಹೊತ್ತಿಗೆ ಸುಮಾರು 40 ದೇಶಗಳಿಗೆ ಹೋಗ್ತಿತ್ತು.

ಜಾಹೀರಾತುಗಳು ನಿಮಗೆ ನೆನಪಿರಬೇಕು. ಮಗ ಇದ್ದಿದ್ದರೆ ಮನೆ ನಡೀತಿತ್ತು ಅಂತ ಅಪ್ಪ ಕೊರಗ್ತಾನೆ, ಮಗಳು ಕ್ರೀಮು ಹಚ್ಚಿ ಗಗನಸಖಿ ಆಗಿ ಬಂದು ಅಪ್ಪನಿಗೆ ಕಾಫಿ ಕೊಡಿಸ್ತಾಳೆ. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆಯವರು ಇದರ ಮೇಲೆ ಬಿಡದೆ ದೂರು ಕೊಟ್ಟರು, ರಾಷ್ಟ್ರೀಯ ಮಾನವ ಹಕ್ಕು ಆಯೋಗದವರೆಗೆ ಹೋದರು. 2003ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಅಂಥ ಜಾಹೀರಾತು ನಿಲ್ಲಿಸಿಸಿತು. ಅದೇ 2003ರಲ್ಲಿ ಕಂಪನಿ "ಫೇರ್ ಅಂಡ್ ಲವ್ಲಿ ಫೌಂಡೇಶನ್" ಅಂತ ಮಾಡಿ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡೋಕೆ ಶುರುಮಾಡಿತು. ಸಬಲೀಕರಣ ಅಂತೆ.

ಸಬಲೀಕರಣ ಅಂದೆ ನೋಡಿ, ತಲೆಬರಹದ ಹೆಣ್ಣುಮಗಳು ಬರೋದು ಇಲ್ಲೇ.

ಸಿ.ಕೆ. ಪ್ರಹ್ಲಾದ್ ಅಂತ ಒಬ್ಬ ಜಗತ್ಪ್ರಸಿದ್ಧ ಮ್ಯಾನೇಜ್‌ಮೆಂಟ್ ಪಂಡಿತರಿದ್ದರು, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ. ಬಡವರಿಗೆ ಸರಕು ಮಾರಿಯೇ ಬಡತನ ಕಡಿಮೆ ಮಾಡಬಹುದು, ಕಂಪನಿಗೂ ಲಾಭ ಅನ್ನೋದು ಅವರ ಸಿದ್ಧಾಂತ. 2004ರಲ್ಲಿ ಅಲೆನ್ ಹ್ಯಾಮಂಡ್ ಅವರ ಜೊತೆ ಸೇರಿ ಬರೆದ ಒಂದು ಲೇಖನದಲ್ಲಿ ಅವರು ಕೊಟ್ಟ ಉದಾಹರಣೆ ಯಾರದ್ದು ಗೊತ್ತಾ? ಭಾರತದ ಬೀದಿ ಗುಡಿಸೋ ಒಬ್ಬ ಬಡ ಹೆಣ್ಣುಮಗಳದ್ದು. ಅವಳು ಫೇರ್ ಅಂಡ್ ಲವ್ಲಿ ಹಚ್ಚುತ್ತಾಳೆ. ಬಿಸಿಲಿಗೆ ಅಪ್ಪ ಅಮ್ಮನ ಚರ್ಮ ಹಾಳಾದ ಹಾಗೆ ತನ್ನದು ಆಗಲ್ಲ ಅಂತ ಅವಳಿಗೆ ಹೆಮ್ಮೆ. ಅವಳಿಗೀಗ ಆಯ್ಕೆ ಇದೆ, ಅವಳು ಸಬಲೆ. ಇದು ಲೇಖನದ ಭಾವಾರ್ಥ.

ಇನ್ನೊಂದು ಸಲ ಓದಿ. ಅಪ್ಪ ಅಮ್ಮನ ಚರ್ಮವೂ ಬಿಸಿಲಿಗೇ ಹಾಳಾಗಿತ್ತು. ಅವರೂ ಬಿಸಿಲಲ್ಲೇ ದುಡಿದವರು. ತಲೆಮಾರು ಬದಲಾದರೂ ಬಿಸಿಲು ಬದಲಾಗಿಲ್ಲ. ಬೀದಿ ಗುಡಿಸೋದು ಈ ದೇಶದಲ್ಲಿ ಯಾವ ಜಾತಿಯ ಕೆಲಸ ಅನ್ನೋದು ಆ ಪಂಡಿತರಿಗೆ ಗೊತ್ತಿರಲಿಲ್ಲವಾ? ತಮಿಳುನಾಡಲ್ಲಿ ಹುಟ್ಟಿದವರು. ಪೊರಕೆ ಕೆಳಗಿಡೋ ಆಯ್ಕೆ ಅವಳಿಗೆ ಇಲ್ಲ, ಅದರ ಸುದ್ದಿಯೇ ಇಲ್ಲ. ಬಿಸಿಲಲ್ಲಿ ಗುಡಿಸ್ತಾ ಮುಖಕ್ಕೆ ಯಾವ ಕ್ರೀಮು ಹಚ್ಚಬೇಕು ಅನ್ನೋದು ಮಾತ್ರ ಅವಳ ಆಯ್ಕೆ. ಇಲ್ಲಿ ನಮ್ಮ ಪೌರಕಾರ್ಮಿಕ ಅಕ್ಕಂದಿರು ಕೇಳ್ತಾ ಬಂದಿದ್ದು ಏನು? ಖಾಯಂ ಕೆಲಸ, ಸರಿಯಾದ ಸಂಬಳ, ಗ್ಲೌಸು, ಕುಡಿಯೋ ನೀರು, ಶೌಚಾಲಯ. ಯಾವ ಅಕ್ಕನೂ ಧರಣಿಯಲ್ಲಿ ಕೂತು ಕ್ರೀಮು ಕೊಡಿ ಅಂದಿದ್ದು ನಾನು ಕೇಳಿಲ್ಲ.

ಇದಕ್ಕೆ ಉತ್ತರ ಕೊಟ್ಟವರೂ ಅದೇ ಮಿಶಿಗನ್‌ನವರೇ. ಅನಿಲ್ ಕರ್ನಾನಿ ಅನ್ನೋ ಪ್ರಾಧ್ಯಾಪಕರು 2007ರಲ್ಲಿ ಈ ಕ್ರೀಮಿನ ಮೇಲೇ ಒಂದು ಲೇಖನ ಬರೆದು, ಇದು ಸಬಲೀಕರಣ ಅಲ್ಲ, ಹೆಣ್ಣನ್ನ ಕುಗ್ಗಿಸಿದ ಪೂರ್ವಗ್ರಹವನ್ನೇ ಗಟ್ಟಿ ಮಾಡಿ ದುಡ್ಡು ಮಾಡೋದು ಅಂತ ವಾದ ಮಾಡಿದರು. ಅವರು ಜಾತಿಯ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಅದು ನಮ್ಮ ಕೆಲಸ.

ಜಾತಿಗೂ ಬಣ್ಣಕ್ಕೂ ನಿಜವಾಗಿ ಏನು ಸಂಬಂಧ? ಇಲ್ಲಿ ನಮ್ಮವರಲ್ಲೇ ಎರಡು ಗುಂಪು. ಒಂದು, ಆರ್ಯರು ಬಿಳಿಯರು, ನಾವು ಕಪ್ಪು ಮೂಲನಿವಾಸಿಗಳು, ಅಷ್ಟೇ ಮುಗೀತು ಅನ್ನೋರು. ಇನ್ನೊಂದು, ಬಣ್ಣಕ್ಕೂ ಜಾತಿಗೂ ಸಂಬಂಧವೇ ಇಲ್ಲ ಅನ್ನೋರು. ಬಾಬಾಸಾಹೇಬರು ಮೊದಲನೆಯದನ್ನ ಒಪ್ಪಲಿಲ್ಲ, ಇದನ್ನ ನಮ್ಮ ಭಾಷಣಕಾರರು ಎಷ್ಟೋ ಸಲ ಮರೀತಾರೆ. 1936ರ "ಜಾತಿ ವಿನಾಶ"ದಲ್ಲಿ ಅವರು ಕೇಳಿದ ಪ್ರಶ್ನೆಯ ಸಾರ ಇಷ್ಟು: ಪಂಜಾಬಿನ ಬ್ರಾಹ್ಮಣನಿಗೂ ಪಂಜಾಬಿನ ಚಮ್ಮಾರನಿಗೂ ಜನಾಂಗದ ವ್ಯತ್ಯಾಸ ಎಲ್ಲಿದೆ? 1901ರ ಜನಗಣತಿಯ ಕಮಿಷನರ್ ರಿಸ್ಲೆ ಮೂಗಿನ ಅಗಲ ಅಳೆದು ಜಾತಿಯ ಎತ್ತರ ಹೇಳೋಕೆ ಹೊರಟಿದ್ದನಲ್ಲ, ಆ ಮೂಗಿನ ಅಳತೆಯನ್ನೇ ಹಿಡಿದು ಬಾಬಾಸಾಹೇಬರು 1948ರ "ಅಸ್ಪೃಶ್ಯರು" ಪುಸ್ತಕದಲ್ಲಿ ತಿರುಗೇಟು ಕೊಟ್ಟರು. ಈ ಅಳತೆ ಸತ್ಯವಾದರೆ ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗ ಅಂತ ಆಗ್ತದೆ ಅಂದರು.

ಹಾಗಂತ ಎರಡನೆಯವರದ್ದೂ ಪೂರ್ತಿ ಸರಿ ಅಲ್ಲ. ಗಂಗಾ ಬಯಲಿನ ಮಧ್ಯಭಾಗದ 1,167 ಜನರ ಚರ್ಮದ ಬಣ್ಣವನ್ನ ಯಂತ್ರದಿಂದ ಅಳೆದು, ವಂಶವಾಹಿ ನೋಡಿ ಮಾಡಿದ ಒಂದು ಅಧ್ಯಯನ 2017ರಲ್ಲಿ ಬಂತು. ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಅದರಲ್ಲಿದ್ದರು. ಬಣ್ಣದಲ್ಲಿರೋ ವ್ಯತ್ಯಾಸದಲ್ಲಿ ಸುಮಾರು 32% ಸಾಮಾಜಿಕ ವರ್ಗದ ಜೊತೆ ಹೊಂದಿಕೊಳ್ತದೆ ಅಂತ ಕಂಡಿತು. ಅವರು ನೋಡಿದ ವಂಶವಾಹಿ ಗುರುತುಗಳು ವಿವರಿಸಿದ್ದು 6.4% ಮಾತ್ರ. ಸಾವಿರಾರು ವರ್ಷ ಜಾತಿಯೊಳಗೇ ಮದುವೆ ಮಾಡಿಸಿದರೆ, ಒಂದು ಗುಂಪನ್ನ ನೆರಳಲ್ಲಿ ಕೂರಿಸಿ ಇನ್ನೊಂದನ್ನ ಬಿಸಿಲಲ್ಲಿ ದುಡಿಸಿದರೆ, ಸರಾಸರಿಯಲ್ಲಿ ಒಂದಿಷ್ಟು ವ್ಯತ್ಯಾಸ ಕಾಣದೆ ಇರ್ತದಾ? ಒಳಮದುವೆಯೇ ಜಾತಿಯ ಬೇರು ಅಂತ ಬಾಬಾಸಾಹೇಬರು 1916ರಲ್ಲೇ, 25ನೇ ವಯಸ್ಸಲ್ಲಿ ಹೇಳಿದ್ದರು. ಬಣ್ಣದಿಂದ ಜಾತಿ ಹುಟ್ಟಲಿಲ್ಲ. ಜಾತಿ ಬಣ್ಣವನ್ನ ಅಷ್ಟಿಷ್ಟು ಹಂಚಿತು. ಉಳಿದ 68% ಬೇರೆ ಕಡೆ ಇದೆ, ಅದಕ್ಕೇ ಪ್ರತಿ ಜಾತಿಯಲ್ಲೂ, ಒಂದೇ ತಾಯಿಯ ಹೊಟ್ಟೆಯಲ್ಲೂ ಕೆಂಚನೂ ಹುಟ್ಟುತ್ತಾನೆ, ಕರಿಯನೂ ಹುಟ್ಟುತ್ತಾನೆ.

ಆದರೆ ಸಮಾಜ ಸರಾಸರಿ ನೋಡಲ್ಲ, ಮುಖ ನೋಡ್ತದೆ. ಕಪ್ಪು ಬ್ರಾಹ್ಮಣನನ್ನೂ ಕೆಂಪು ಹೊಲೆಯನನ್ನೂ ನಂಬಬಾರದು ಅಂತ ಒಂದು ಗಾದೆ ಇದೆ, ಉತ್ತರದಲ್ಲೂ ಇದರದ್ದೇ ರೂಪ ಇದೆ. ಗಾದೆಯ ಒಳಗೇ ಸಿಕ್ಕಿಬೀಳ್ತದೆ ನೋಡಿ: ಕಪ್ಪು ಬ್ರಾಹ್ಮಣ, ಕೆಂಪು ಹೊಲೆಯ ಎಲ್ಲಾ ಕಡೆ ಇದ್ದಾರೆ ಅಂತ ಗೊತ್ತಿದ್ದಕ್ಕೇ ಗಾದೆ ಬೇಕಾಯ್ತು. ಜಾತಿ ಗುರುತಿಸೋಕೆ ಬಣ್ಣ ನಂಬಿದವರಿಗೆ ಬಣ್ಣ ಕೈಕೊಟ್ಟಾಗ ಆಗೋ ದಿಗಿಲು ಅದು.

ಈಗ ನಮ್ಮ ಮನೆಯೊಳಗಿನ ಮಾತು. ಕೆಲವರಿಗೆ ಸಿಟ್ಟು ಬರಬಹುದು, ಬರಲಿ. "ನಿಮ್ಮನ್ನ ನೋಡಿದ್ರೆ ಎಸ್ಸಿ ಅಂತ ಗೊತ್ತೇ ಆಗಲ್ಲ" ಅಂತ ಆಫೀಸುಗಳಲ್ಲಿ ಹೇಳ್ತಾರಲ್ಲ, ಅದನ್ನ ಹೊಗಳಿಕೆ ಅಂತ ತಗೊಂಡು ಮನೆಗೆ ಬಂದು ಹೇಳಿಕೊಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಬಾಡಿಗೆ ಮನೆ ಹುಡುಕುವಾಗ ಮನೆಯಲ್ಲಿ ಸ್ವಲ್ಪ ಬೆಳ್ಳಗಿರೋರನ್ನ ಮುಂದೆ ಬಿಟ್ಟು ಮಾತಾಡಿಸೋದು ನಡೀತದೆ. ಅದು ಶೋಕಿ ಅಲ್ಲ, ಸೂರಿನ ಪ್ರಶ್ನೆ. ಹಾಗಾಗಿ ಕ್ರೀಮು ಹಚ್ಚೋ ಹುಡುಗಿಗೆ ನಿನಗೆ ಸ್ವಾಭಿಮಾನ ಇಲ್ಲ ಅಂತ ಬೈಯೋದನ್ನ ನಾನು ಒಪ್ಪಲ್ಲ. ಅವಳು ಲೆಕ್ಕ ಹಾಕ್ತಿದ್ದಾಳೆ, ಆ ಲೆಕ್ಕ ಅವಳಿಗೆ ಈ ಸಮಾಜ ಕಲಿಸಿದ್ದು.

ಆದರೆ ನಮ್ಮ ಹುಡುಗರ ಕಥೆ? ಕೊರಳಲ್ಲಿ ನೀಲಿ ಶಾಲು, ವೇದಿಕೆ ಮೇಲೆ ಬಾಬಾಸಾಹೇಬ್, ಹೆಣ್ಣು ನೋಡೋಕೆ ಹೋದಾಗ "ಹುಡುಗಿ ಸ್ವಲ್ಪ ಕಪ್ಪು". ವರದಕ್ಷಿಣೆ ಬೇಡ ಅಂತ ಭಾಷಣ ಮಾಡಿದವರ ಮನೆಯಲ್ಲೇ ಕಪ್ಪಿಗೆ ಅಂತ ಬೇರೆ ಲೆಕ್ಕ ನಡೆಯೋದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ. ನಮ್ಮ ಕೇರಿಯ ದೇವತೆಗಳು ಕರಿಯಮ್ಮ, ಕಾಳಮ್ಮ. ಹೆಸರಲ್ಲೇ ಕಪ್ಪು. ಅವಳಿಗೆ ಅಡ್ಡಬೀಳ್ತೀವಿ, ಸೊಸೆಯಾಗಿ ಮಾತ್ರ ಬೇಡ. ಬಾಬಾಸಾಹೇಬರ ಕ್ಯಾಲೆಂಡರ್ ಚಿತ್ರಗಳನ್ನೂ ಒಮ್ಮೆ ನೋಡಿ, ಕೆನ್ನೆಗೆ ಗುಲಾಬಿ ಬಣ್ಣ ಎಷ್ಟು ಮೆತ್ತಿರ್ತಾರೆ ಅಂತ.

ಇನ್ನು ಆರೋಗ್ಯದ ಮಾತು. ಇದು ಚರಿತ್ರೆ ಅಲ್ಲ, ಈಗ ನಡೀತಿರೋದು. ದೊಡ್ಡ ಕಂಪನಿಯ ಕ್ರೀಮಲ್ಲಿ ಇರೋದು ನಿಯಾಸಿನಮೈಡ್ ಥರದ್ದು, ಅದರ ಪರಿಣಾಮ ಸಣ್ಣದು, ಬಿಟ್ಟರೆ ಹೋಗ್ತದೆ. ಎಲ್ಲರ ಚರ್ಮದಲ್ಲೂ ಬಣ್ಣ ಮಾಡೋ ಕಣಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ, ಅವು ತಯಾರಿಸೋ ಮೆಲನಿನ್ ಪ್ರಮಾಣದಲ್ಲಿ ವ್ಯತ್ಯಾಸ, ಅಷ್ಟೇ. ಆ ಮೆಲನಿನ್ ಬಿಸಿಲಿಂದ ಕಾಪಾಡೋ ಕೊಡೆ. ಸಮಸ್ಯೆ ಬರೋದು ಬೇಗ ಬೆಳ್ಳಗಾಗಬೇಕು ಅಂತ ಮೆಡಿಕಲ್ ಅಂಗಡಿಯ ಟ್ಯೂಬಿಗೆ ಕೈ ಹಾಕಿದಾಗ. ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್, ಇವೆಲ್ಲ ಸ್ಟಿರಾಯ್ಡ್. ಹಚ್ಚಿದ ವಾರದಲ್ಲಿ ಮುಖ ತಿಳಿಯಾಗ್ತದೆ, ಎಲ್ಲರೂ ಏನು ಹಚ್ಚಿದ್ದೀಯ ಅಂತ ಕೇಳ್ತಾರೆ. ತಿಂಗಳು ಕಳೆದರೆ ಚರ್ಮ ತೆಳುವಾಗಿ ನರ ಕಾಣ್ತದೆ, ಮೊಡವೆ, ಹೆಣ್ಣುಮಕ್ಕಳಿಗೂ ಮುಖದ ಮೇಲೆ ಕೂದಲು. ಬಿಟ್ಟರೆ ಉರಿ, ಕೆಂಪು. ಅದಕ್ಕೇ ಮತ್ತೆ ಹಚ್ಚುತ್ತಾರೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ 12 ಕಡೆಯ ಚರ್ಮವೈದ್ಯರು ಮುಖದ ತೊಂದರೆ ಅಂತ ಬಂದ 2,926 ಜನರನ್ನ ನೋಡಿದರು. 433 ಜನ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ 126 ಜನ ಅದನ್ನ ಬೆಳ್ಳಗಾಗೋ ಕ್ರೀಮು ಅಥವಾ ಮಾಮೂಲಿ ಕ್ರೀಮು ಅಂತಲೇ ಬಳಸ್ತಿದ್ದರು. 257 ಜನಕ್ಕೆ ಅದನ್ನ ಹೇಳಿಕೊಟ್ಟಿದ್ದು ಡಾಕ್ಟರೇ ಅಲ್ಲ. ಚರ್ಮವೈದ್ಯರ ಸಂಘ ಬೆನ್ನುಹತ್ತಿದ ಮೇಲೆ 2018ರ ಮಾರ್ಚಲ್ಲಿ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ನಿಮ್ಮ ಬೀದಿಯ ಅಂಗಡಿಯಲ್ಲಿ ಚೀಟಿ ಕೇಳ್ತಾರಾ, ನೀವೇ ನೋಡಿ.

ಇದಕ್ಕಿಂತ ಭಯಂಕರ ಪಾದರಸ. ಮೆಲನಿನ್ ತಯಾರಿಯನ್ನೇ ತಡೀತದೆ, ಚರ್ಮದಿಂದ ರಕ್ತಕ್ಕೆ ಇಳೀತದೆ, ಕಿಡ್ನಿಗೆ ಹೋಗಿ ಕೂರ್ತದೆ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ಕಿಡ್ನಿ ವೈದ್ಯರಿಗೆ 2021ರಿಂದ 2023ರ ನಡುವೆ ಒಂದು ವಿಚಿತ್ರ ಕಂಡಿತು. ಮೆಂಬ್ರೇನಸ್ ನೆಫ್ರೋಪತಿ ಅನ್ನೋ ಕಿಡ್ನಿ ಕಾಯಿಲೆಯ 22 ರೋಗಿಗಳಲ್ಲಿ 15 ಜನಕ್ಕೆ ಅದರ ಒಂದು ಅಪರೂಪದ ಬಗೆ ಇತ್ತು. ಆ 15ರಲ್ಲಿ 13 ಜನ ಬೆಳ್ಳಗಾಗೋ ಕ್ರೀಮು ಹಚ್ಚಿದ್ದರು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ "ಆಪರೇಷನ್ ಸೌಂದರ್ಯ" ಅಂತ ದಾಳಿ ನಡೆಸಿ ಇಂಥ ಸರಕು ಹಿಡೀತು. ಹೆಚ್ಚಿನ ರೋಗಿಗಳಿಗೆ ಕ್ರೀಮು ನಿಲ್ಲಿಸಿದ ಮೇಲೆ ಗುಣ ಆಯ್ತು, ಅದೊಂದು ಸಮಾಧಾನ.

2020ರಲ್ಲಿ ಎರಡು ವಿಷಯ ಆದವು. ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 1954ರ ಮಾಂತ್ರಿಕ ಔಷಧಿಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಗೆ ತಿದ್ದುಪಡಿಯ ಕರಡು ತಂದಿತು. ಚರ್ಮ ಬೆಳ್ಳಗೆ ಮಾಡ್ತೀವಿ ಅನ್ನೋ ಜಾಹೀರಾತನ್ನೂ ಅದರ ಪಟ್ಟಿಗೆ ಸೇರಿಸಿ, ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂತ ಬರೆದಿತ್ತು. ಮೇ ತಿಂಗಳಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯಾಯ್ತು. ಜಗತ್ತೆಲ್ಲ ಬೀದಿಗಿಳಿದಾಗ ಜುಲೈನಲ್ಲಿ ಫೇರ್ ಅಂಡ್ ಲವ್ಲಿ "ಗ್ಲೋ ಅಂಡ್ ಲವ್ಲಿ" ಆಯ್ತು. ಮಿನಿಯಾಪೊಲಿಸ್‌ನಲ್ಲಿ ಕಪ್ಪು ಮನುಷ್ಯನ ಕತ್ತು ಮೆಟ್ಟಿದ್ದಕ್ಕೆ ಇಲ್ಲಿ ಹೆಸರು ಬದಲಾಯ್ತು. ಖೈರ್ಲಾಂಜಿಗೆ ಆಗಲಿಲ್ಲ, ಕಂಬಾಲಪಲ್ಲಿಗೆ ಆಗಲಿಲ್ಲ. ನಮ್ಮ ಸಾವಿಗೆ ಟ್ಯೂಬಿನ ಮೇಲಿನ ಒಂದು ಅಕ್ಷರವೂ ಅಲುಗಾಡಲಿಲ್ಲ.

ಕೊನೆಗೆ ಕೆಲಸದ ಮಾತು. ಮನೆಯಲ್ಲಿರೋ ಟ್ಯೂಬು ತಿರುಗಿಸಿ ಸಣ್ಣ ಅಕ್ಷರ ಓದಿ. ಮರ್ಕ್ಯುರಿ, ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಅಮೋನಿಯೇಟೆಡ್ ಮರ್ಕ್ಯುರಿ ಅಂತ ಇದ್ದರೆ ಮುಟ್ಟಬೇಡಿ. ಏನೇನು ಹಾಕಿದ್ದಾರೆ ಅಂತ ಬರೆದೇ ಇಲ್ಲದ ಡಬ್ಬಿಯನ್ನಂತೂ ಮನೆಯೊಳಗೇ ಇಟ್ಟುಕೊಳ್ಳಬೇಡಿ. ಹಚ್ಚುತ್ತಿರೋರಿಗೆ ಕಾಲು ಊದಿದರೆ, ಮೂತ್ರ ನೊರೆನೊರೆ ಹೋದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕ್ರೀಮಿನ ವಿಷಯ ಡಾಕ್ಟರಿಗೆ ನಾಚಿಕೆ ಬಿಟ್ಟು ಹೇಳಿ, ಟ್ಯೂಬನ್ನೂ ತಗೊಂಡು ಹೋಗಿ. ಸ್ಟಿರಾಯ್ಡ್ ಬಹಳ ದಿನದಿಂದ ಹಚ್ಚುತ್ತಿದ್ದರೆ ನೀವೇ ಒಮ್ಮೆಲೇ ನಿಲ್ಲಿಸಬೇಡಿ. ಸರ್ಕಾರಿ ಜಿಲ್ಲಾಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಇರ್ತಾರೆ, ತೋರಿಸಿ, ಅವರು ಹೇಳಿದ ಹಾಗೆ ಬಿಡಿ. ಚೀಟಿ ಇಲ್ಲದೆ ಇಂಥ ಟ್ಯೂಬು ಮಾರೋ ಅಂಗಡಿ ನಿಮ್ಮ ಊರಲ್ಲಿದ್ದರೆ ಬಿಲ್ಲು ಕೇಳಿ ತಗೊಂಡು ಇಟ್ಟುಕೊಳ್ಳಿ. ಔಷಧ ನಿಯಂತ್ರಣ ಇಲಾಖೆಗೆ ದೂರಿನ ಅರ್ಜಿ ಬರೆಯೋದು ನನಗೆ ಬಿಡಿ, ದಿನಾ ಆಫೀಸಲ್ಲಿ ಮಾಡೋ ಕೆಲಸವೇ ಅದು.